ಐದೂರ ನೀರು ಕೂಡಿಸುವ ವರ್ನಾ

ಭಾನುವಾರ, ಬೆಳಗಿನ ಐದೂವರೆ. ಟ್ವಿನ್ ರನ್ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಅರವತ್ತೆಂಟರ ವರ್ನಾ ಹ್ಯಾಕನ್‌ಬರ್ಗ್, ಎರಡು ಬಗೆಯ ನೀರಿನ ಕೊಳವೆ ಜೋಡಿಸುವ ಹಿತ್ತಾಳೆಯ ಅಡಾಪ್ಟರೊಂದನ್ನು ದೀಪಕ್ಕೆ ಹಿಡಿದು ನೋಡುತ್ತಾರೆ. ನೋಡಿದವರೇ ಕೆಂಡವಾಗುತ್ತಾರೆ.

"ಎಲ್ವುಡ್, ಬಾ ಇಲ್ಲಿ. ಬಣ್ಣ ಎಲ್ಲಯ್ಯ ಹೋಯ್ತು?"

ದಳದ ಮುಖ್ಯಸ್ಥ ಎಲ್ವುಡ್ ಶೀಟ್ಸ್ ಕಾಫಿ ಲೋಟದ ಹಿಂದೆ ಮುಖ ಮರೆಸುತ್ತಾರೆ. "ನಿನ್ನೆ ಮೆರವಣಿಗೆ ಇತ್ತಲ್ಲ. ನಮ್ಮೋರು ಉಜ್ಜಿ ಉಜ್ಜಿ ಫಳಫಳ ಅನ್ನಿಸಿಬಿಟ್ರು."

"ಬೆಂಕಿಗೆ ಹೋಗಿ ಫಳಫಳ ತೋರಿಸ್ತೀಯಾ?"

ಹಳದಿ ಬದಿ ಟ್ವಿನ್ ರನ್ ಕೊಳವೆಗೆ, ಕೆಂಪು ಬದಿ ಉಳಿದ ನಾಲ್ಕೂರಿನವಕ್ಕೆ. ಹೊಗೆಯಲ್ಲಿ ನಿಂತು ಯಾರೂ ತಲೆ ಕೆರೆದುಕೊಳ್ಳಬಾರದೆಂದು ವರ್ನಾ ಬಳಿದಿದ್ದ ಬಣ್ಣವದು. ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಐದು ಊರು, ಐದು ಸ್ವಯಂಸೇವಕ ದಳ. ಒಂದೂರಿಗೆ ಬೆಂಕಿ ಬಿದ್ದರೆ ಉಳಿದವು ನೀರಿನ ಲಾರಿ ಸಮೇತ ಓಡಿಬರುತ್ತವೆ. ಕೋಳಿ-ಜೋಳದ ಸೂಪು ಯಾರದು ರುಚಿ ಎಂಬ ಹಳೆಯ ಜಗಳ ಆಗ ಯಾರಿಗೂ ನೆನಪಾಗುವುದಿಲ್ಲ. ಆದರೆ ಟ್ವಿನ್ ರನ್ ಕೊಳವೆಯ ತುದಿಯ ತಿರುಪಿನ ಸುತ್ತು, ಅಂದರೆ ಥ್ರೆಡ್, ಮಾತ್ರ ಬೇರೆ. ತಾತಂದಿರ ಕಾಲದ್ದು. ಬದಲಿಸಬೇಕೆಂದರೆ ಜಂಬ ಬಿಡಬೇಕಲ್ಲ!

ಆ ಜಂಬದ ಬೆಲೆಯನ್ನು ವರ್ನಾ ಕಣ್ಣಾರೆ ಕಂಡವರು. ಹನ್ನೊಂದು ವರ್ಷದ ಹಿಂದೆ, ಐದೂರಲ್ಲೊಂದಾದ ಲಾಂಗ್ ಹಾಲೋದಲ್ಲಿ ಅವರ ತಮ್ಮನ ಕೊಟ್ಟಿಗೆ ಹೊತ್ತಿಕೊಂಡಿತು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುವಂತಿಲ್ಲ. ಬಾವಿಯೇ ಬಂದು ಬಾಗಿಲಲ್ಲಿ ನಿಂತಿತ್ತು. ಟ್ವಿನ್ ರನ್ ಲಾರಿ ತುಂಬ ನೀರು ತಂದಿತ್ತು. ಕೊಳವೆಗೆ ಕೊಳವೆ ಕೂರಲಿಲ್ಲ. "ನೀರೂ ಇತ್ತು, ಜನಾನೂ ಇದ್ರು. ಕೊಟ್ಟಿಗೆ ನಮ್ಮ ಕಣ್ಮುಂದೇನೇ ಕುಸೀತು," ಎನ್ನುವಾಗ ಅವರ ದನಿ ಇಂದಿಗೂ ತಗ್ಗುತ್ತದೆ.

ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಓಡಿಸಿದ ಕೈ ಸುಮ್ಮನಿರುತ್ತದೆಯೇ? ಮರುವಾರವೇ ಮೊದಲ ಅಡಾಪ್ಟರ್ ಕಡೆಯಿತು. ಈಗ ಐದೂ ದಳಗಳ ಹದಿನೇಳು ವಾಹನಗಳಲ್ಲಿ ಒಟ್ಟು ಐವತ್ತೊಂದು ಇವೆ. ಪ್ರತಿ ಭಾನುವಾರ ವರ್ನಾ ಐದೂ ಶೆಡ್ ಸುತ್ತಿ, ಒಂದೊಂದನ್ನೂ ತಿರುಗಿಸಿ ನೋಡಿ, ಎಣ್ಣೆ ಬಿಟ್ಟು ಬರುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಎಲ್ವುಡ್ ಮನೆಯ ಚಿಮಣಿಗೇ ಬೆಂಕಿ ಹತ್ತಿದಾಗ ಲಾಂಗ್ ಹಾಲೋದ ನೀರು ಹರಿದದ್ದು ಇವುಗಳಲ್ಲೊಂದರ ಮೂಲಕವೇ. ಮನೆ ಉಳಿಯಿತು.

ಈ ಮಂಗಳವಾರ ಐದೂ ದಳಗಳ ಸಭೆಯಿದೆ. ಎಲ್ಲರದೂ ಒಂದೇ ಥ್ರೆಡ್ ಆಗಲಿ ಎಂದು ವರ್ನಾ ಏಳು ವರ್ಷದಿಂದ ಕೇಳುತ್ತಲೇ ಇದ್ದಾರೆ, ಟ್ವಿನ್ ರನ್ ಅಡ್ಡಗಾಲು ಹಾಕುತ್ತಲೇ ಇದೆ.

"ಈ ಸಲ ನಾನೇ ಮೊದಲು ಕೈ ಎತ್ತೀನಿ," ಎನ್ನುತ್ತಾರೆ ಎಲ್ವುಡ್, ನೆಲ ನೋಡುತ್ತ. "ಆದ್ರೆ ಆಮೇಲೆ ನಿನ್ನ ಕೆಲ್ಸ ಹೋಗುತ್ತಲ್ಲ, ವರ್ನಾ?"

"ಹೋಗ್ಲಿ ಅಂತಾನೇ ಇಷ್ಟು ವರ್ಷ ಮಾಡ್ತಿರೋದು ಕಣಯ್ಯ. ಒಂದ್ ಭಾನುವಾರ ಹೊತ್ತೇರೋವರೆಗೂ ಮಲಗಬೇಕು. ಅಷ್ಟೇ ನನ್ನಾಸೆ."

ವರ್ನಾ ಮುಖ ಅರಳಿದೆ. ಆದರೂ ಕೈ ಚೀಲದೊಳಗೆ ಹೋಗಿ ಹಳದಿ ಬಣ್ಣದ ಡಬ್ಬಿ ತೆಗೆಯುತ್ತದೆ.

"ಕೈ ಮಂಗಳವಾರ ಎತ್ತುವಿಯಂತೆ. ಈಗ ಈ ಡಬ್ಬಿ ಹಿಡ್ಕೋ. ಸಭೆ ಮುಗೀಲಿ ಅಂತ ಬೆಂಕಿ ಕಾಯಲ್ಲ."