ಇಲಿ ಕಡಿದ ಮೂಲೆ

ಮೊನ್ನೆ ರಾಯಚೂರಿನಲ್ಲಿ ಕಾಕನ ಮಗಳು ಸರೋಜಾಳ ಮನೆಗೆ ಹೋದಾಗ, ಅವಳು ಟ್ರಂಕಿನಿಂದ ಅರಿವೆ ತುಂಡುಗಳ ಪದರ ಸೇರಿಸಿ ಹೊಲಿದ, ಹೊದೆಯುವ ಹಳೆಯ ಕೌದಿಯೊಂದನ್ನು ತೆಗೆದು ಬಿಸಿಲಿಗೆ ಹರವಿದಳು. ಒಣಗಿದ ಬೇವಿನೆಲೆಯ, ಹಳೆಯ ಅರಿವೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಲ್ಲಟದ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ. ಆ ಮನೆ ಈಗಿಲ್ಲ. ಅಲ್ಲೀಗ ಯಾರದೋ ಗೊಬ್ಬರದಂಗಡಿ. ನಿಮಗೂ ಹೀಗೆ ಒಂದು ಮನೆ ಬರೀ ವಾಸನೆಯಲ್ಲಿ ಉಳಿದಿರಬಹುದು. ಆದರೆ ವಾಸನೆಯ ಬೆನ್ನಿಗೇ ನನಗೆ ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು.

ಎಪ್ಪತ್ತರ ದಶಕದ ಬೇಸಿಗೆಗಳವು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಮಧ್ಯಾಹ್ನ ಉಂಡು ಕೌದಿ ಹೊಲಿಯಲು ಕೂಡುತ್ತಿದ್ದಳು. ಅವಳ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ವರ್ಷವಿಡೀ ಅವಳ ಮಗ್ಗುಲಲ್ಲಿ ಮಲಗುವವಳು, ಕಾಲೊತ್ತುವವಳು ನಾನು. ಆದರೆ ರಜೆಗೆ ಸರೋಜಾ ರಾಯಚೂರಿನ ಬಸ್ಸಿನಿಂದ ಇಳಿದಳೆಂದರೆ ನನ್ನ ಕಥೆ ಮುಗಿಯಿತು. ಇಸ್ತ್ರಿ ಮಾಡಿದ ಫ್ರಾಕು, ಎರಡು ರಿಬ್ಬನ್ನು, ಕೈಯಲ್ಲಿ ಕಥೆ ಪುಸ್ತಕ! ಅವಳು ಗಟ್ಟಿಯಾಗಿ ಓದುವಳು, ಆಯಿ ತಲೆದೂಗುವಳು. “ಎಷ್ಟು ಛಂದ ಓದ್ತದ ನೋಡು ನಮ್ಮ ಕೂಸು! ಇದು ಓದಿದ್ರ ಸೂಜಿ ತಾನಾ ಓಡ್ತದ” ಎನ್ನುವಳು. ದಾರ ಹಾಕಿಕೊಟ್ಟ ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಹಂಚಿನಿಂದಿಳಿದ ಮೊದಲ ಶೇಂಗಾ ಹೋಳಿಗೆ ಅವಳಿಗೆ. ಸಂಜೆ ಹಳ್ಳದ ದಂಡೆಗೆ ಕರಬೂಜ ತಿನ್ನಲು ಹೋದರೆ ಆಯಿಯ ಕೈ ಹಿಡಿಯುವವಳೂ ಅವಳೇ.

ಒಂದು ವರ್ಷ ಆಯಿ ಹೊಲಿಯುತ್ತಿದ್ದ ಕೌದಿಯೂ ಸರೋಜಾಳಿಗೇ ಎಂದು ಗೊತ್ತಾದಾಗ ಹೇಗೋ ನುಂಗಿಕೊಂಡೆ. ಯಾಕೆಂದರೆ ನನಗೆ ಬೇಕಾದದ್ದು ಆಯಿಯ ಇಳಕಲ್ ಸೀರೆಯ ಕೆಂಪು ಸೆರಗು. ಹಬ್ಬಕ್ಕೆ ಮಾತ್ರ ಅವಳು ಉಡುತ್ತಿದ್ದ ಸೀರೆ ಅದು. “ಹಳೀದಾಗಲಿ ತಡಿ ಯವ್ವಾ, ಆ ಸೆರಗು ನಿನ್ನ ಕೌದಿಗೇ ಹಚ್ಚತೀನಿ” ಎಂದು ಮಾತು ಕೊಟ್ಟಿದ್ದಳು.

ಕೌದಿ ಹಸಿದಿರಬಾರದು ಎಂಬುದು ಆಯಿಯ ನಂಬಿಕೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಉಗುರಿನಷ್ಟು ಸಿಹಿ ಇಡಬೇಕು. ಅಂದು ಆ ಕೆಲಸ ನನಗೆ ಹೇಳಿದಳು. ನಾನು ಎರಡು ಇಡೀ ಹೋಳಿಗೆಗಳನ್ನು ಪುಡಿ ಮಾಡಿ ಪದರಗಳ ನಡುವೆ ತುರುಕಿದೆ. ಇರುವೆ ಮುತ್ತಲಿ, ಅವಳ ಕೌದಿ ಹಾಳಾಗಲಿ, ನನಗೆ ಬೇಕಾದದ್ದು ಅಷ್ಟೇ. ಮಂಜುಗಣ್ಣಿನ ಆಯಿ ಹಾಗೇ ಹೊಲಿದುಬಿಟ್ಟಳು.

ಇರುವೆಯಲ್ಲ, ಇಲಿ ಬಂತು. ಸರೋಜಾ ಊರಿಗೆ ಹೊರಡುವ ಹಿಂದಿನ ದಿನ ನೋಡಿದರೆ ಮೂಲೆಯಲ್ಲಿ ಅಂಗೈಯಗಲ ತೂತು. ಅವಳು ಬಿಕ್ಕಿ ಬಿಕ್ಕಿ ಅತ್ತಳು, ನನ್ನ ಹೊಟ್ಟೆ ತಣ್ಣಗಾಯಿತು. ತೇಪೆ ಹಚ್ಚಲು ಆಯಿ ಅರಿವೆಯ ಗಂಟು ತಡಕಿದರೆ ಒಂದು ಗಟ್ಟಿ ತುಂಡೂ ಉಳಿದಿರಲಿಲ್ಲ. ಅವಳು ಎದ್ದು ಹೋಗಿ ಇಳಕಲ್ ಸೀರೆ ತಂದು, ಕೆಂಪು ಸೆರಗಿಗೆ ಕತ್ತರಿ ಹಾಕಿದಳು. ಆಯಿ ಸೂಜಿಯನ್ನು ನನ್ನ ಕಡೆ ಚಾಚಿ, “ದಾರ ಹಾಕು. ಇಲಿಗಿ ಇಷ್ಟು ಊಟ ಯಾರು ಬಡಿಸಿದ್ರೋ, ಏನೋ” ಎಂದಳು. ನನ್ನ ಮುಖ ನೋಡಲಿಲ್ಲ.

ಮುಂದಿನ ಬೇಸಿಗೆಗೆ ಆಯಿ ಇರಲಿಲ್ಲ. ಆ ಇಳಕಲ್ ಸೀರೆಯನ್ನೇ ಉಡಿಸಿ ಮಣ್ಣು ಮಾಡಿದರು. ಸೆರಗು ಗಿಡ್ಡವಾಗಿದ್ದು ಯಾರಿಗೂ ಕಾಣಲಿಲ್ಲ, ನನಗೆ ಮಾತ್ರ ಕಂಡಿತು. ನನ್ನ ಕೌದಿ ಯಾರೂ ಹೊಲಿಯಲಿಲ್ಲ.

“ಅಕ್ಕಾ, ಇಲಿ ಕಡದದ್ದು ಛಲೋ ಆತು ನೋಡು,” ಎಂದಳು ಮೊನ್ನೆ ಸರೋಜಾ, ಬಿಸಿಲಿಗೆ ಹರವಿದ ಕೌದಿಯ ಆ ಕೆಂಪು ತುಂಡನ್ನು ಸವರುತ್ತಾ. “ಇಲ್ಲಂದ್ರ ಆಯೀದು ಅಂತ ನನ್ನ ಕಡಿ ಏನಿರತಿತ್ತು?”

ಈ ವಯಸ್ಸಿನಲ್ಲೂ ಹೊಟ್ಟೆ ಉರಿಯಿತು. ನಿಜ ಹೇಳಿಬಿಡಬೇಕು ಅನ್ನಿಸಿತು, ಹೇಳಲಿಲ್ಲ. ಅವಳು ಚಹಾ ಇಡಲು ಒಳಗೆ ಹೋದಾಗ ಆ ಮೂಲೆಯನ್ನು ಮಡಿಲಿಗೆ ಎಳೆದುಕೊಂಡೆ. ಬಣ್ಣ ಮಾಸಿತ್ತು, ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಆ ದಾರ ಪೋಣಿಸಿಕೊಟ್ಟವಳು ನಾನು.