ಕುಷನ್ ಅಂಗಡಿಯ ಮೂರನೇ ಹಾಡು

ಹಳೆಯ ರಾಕ್ ಆಲ್ಬಮ್ಮುಗಳು ಈಗಿನ ಹುಡುಗರಿಗೆ ಬೇಕೋ ಬೇಡವೋ ಎಂದು ಕಾಲ ಮೇಲೆ ಕಾಲು ಹಾಕಿಕೊಂಡು ವಾದ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಆರಾಮಾಗಿ ಒರಗಿಕೊಂಡಿರುವ ಸೋಫಾ ನಮ್ಮತ್ತೆಯ ಕೈಯದೇ ಇರಬಹುದು. ಹಾಗಿದ್ದರೆ ಅದರ ಮೊಳೆಗಳೆಲ್ಲ ಅಂಥದೊಂದು ಆಲ್ಬಮ್ಮಿನ ತಾಳಕ್ಕೇ ಬಿದ್ದಿವೆ. ಎದ್ದು ಸೀಟು ಮಗುಚಿ ನೋಡಿದರೆ ಉತ್ತರ ಸಿಗುತ್ತದೆ, ಆದರೆ ಏಳುವವರು ಯಾರು?

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ನಾನು ಹಾಗೆ ಕರೆಯುತ್ತೇನೆಂದು ಅಂಗಡಿಯ ಕೆಲಸದವರು, ಗಿರಾಕಿಗಳು, ಕೊನೆಗೆ ರೆಕ್ಸಿನ್ ತಂದುಹಾಕುವ ಲಾರಿಯವನು ಕೂಡ ಅತ್ತೆ ಎಂದೇ ಕರೆಯುತ್ತಾರೆ. ಮುಂದಿನ ಕೋಣೆಯಲ್ಲಿ ತಯಾರಾದ ಸೋಫಾಗಳು, ಹಿಂದಿನ ಶೆಡ್ಡಿನಲ್ಲಿ ಕೆಲಸ. ಅಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಫೋಮಿನ ರಾಶಿ, ಹತ್ತಿಯ ಎಳೆ ಮುಸುರಿಕೊಂಡು ಬೆಳ್ಳಗಾದ ಕಿಟಕಿ. ಅತ್ತೆ ಬಾಯಿತುಂಬ ಸಣ್ಣ ಮೊಳೆ ತುಂಬಿಕೊಂಡು ಕೆಲಸಕ್ಕೆ ಕೂರುತ್ತಾಳೆ. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ತುದಿಯ ಸುತ್ತಿಗೆಗೆ ಅಂಟಿಸಿ, ಟಕ್ಕೆಂದು ಮರಕ್ಕೆ ಇಳಿಸುತ್ತಾಳೆ. ಪಿನ್ನು ಹೊಡೆಯುವ ಸ್ಟೇಪಲ್ ಗನ್ ಬಂದು ಎಷ್ಟೋ ಕಾಲವಾಯಿತು, ಅದನ್ನು ಬೇರೆಯವರಿಗೆ ಕೊಟ್ಟಿದ್ದಾಳೆ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತಿಲ್ಲ. ಬೈಯುವುದಿದ್ದರೆ ಕಣ್ಣಲ್ಲೇ ಬೈಯುತ್ತಾಳೆ, ಅದು ಬಾಯಿಯ ಬೈಗುಳಕ್ಕಿಂತ ಜೋರಾಗಿ ತಟ್ಟುತ್ತದೆ.

ಆ ಮೌನವನ್ನು ತುಂಬುತ್ತಿದ್ದದ್ದು ಒಂದು ಕ್ಯಾಸೆಟ್. ಅತ್ತೆ ಹರೆಯದಲ್ಲಿ ರಿಪೇರಿಗೆ ಬಂದ ಸೋಫಾ ಒಂದನ್ನು ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಅದು. ಸೋಫಾಗಳ ಹೊಟ್ಟೆಯಲ್ಲಿ ಬಾಚಣಿಗೆ, ಪೆನ್ನು, ಮುರಿದ ಕನ್ನಡಕ ಸಿಗುವುದು ನಮಗೆ ಮಾಮೂಲು, ಹಾಡು ಸಿಕ್ಕಿದ್ದು ಅದೇ ಮೊದಲು. ವಾಪಸು ಕೊಡಲು ಹೋದರೆ ಮನೆಯೊಡತಿ, "ಅಯ್ಯೋ, ಬೇಡ್ವೇ ಬೇಡ. ನನ್ನ ಮಗ ತಂದಿದ್ದು, ಬರೀ ಗಲಾಟೆ. ನೀನೇ ಇಟ್ಕೋ," ಎಂದಳಂತೆ. ಮೇಲಂಟಿಸಿದ ಚೀಟಿ ಅಳಿಸಿಹೋಗಿತ್ತು. ಹಾಡಿದವರು ಯಾರು, ಆಲ್ಬಮ್ಮಿನ ಹೆಸರೇನು, ಅತ್ತೆಗೆ ಗೊತ್ತಿಲ್ಲ. ಮಾತು ಇಂಗ್ಲಿಷು, ಅದೂ ಅಷ್ಟಕ್ಕಷ್ಟೇ. ಗಿಟಾರು, ಡ್ರಮ್ಮು, ಯಾರ ಮೇಲೋ ಜಗಳಕ್ಕೆ ಹೋದವನಂತೆ ಕೂಗುವ ಒಬ್ಬ ಗಂಡಸು. ಅತ್ತೆಗೆ ಅದು ಹಿಡಿಸಿಬಿಟ್ಟಿತು. ಒಂದು ಟೇಪ್ ರೆಕಾರ್ಡರ್ ಕೊಂಡು ಮೇಜಿನ ಮೇಲಿನ ಹಲಗೆಗೆ ಏರಿಸಿದಳು. ಅಂದಿನಿಂದ ಬೆಳಿಗ್ಗೆ ಒಂದು ಮಗ್ಗುಲು, ಊಟದ ನಂತರ ಇನ್ನೊಂದು ಮಗ್ಗುಲು.

ಇದರಲ್ಲಿ ಮೂರನೇ ಹಾಡಿನ ಸಮಾಚಾರವನ್ನು ಬಿಡಿಸಿ ಹೇಳಬೇಕು. ಶುರುವಿನ ದಿನಗಳಲ್ಲೇ ಯಾರೋ ಅದನ್ನು ನಿಲ್ಲಿಸಲು ಹೋಗಿ ರೆಕಾರ್ಡ್ ಮಾಡುವ ಕೆಂಪು ಗುಂಡಿಯನ್ನೂ ಸೇರಿಸಿ ಒತ್ತಿದ್ದಾರೆ. ಹಾಡಿನ ನಡುವಿನ ಒಂದು ತುಂಡು ಅಳಿಸಿಹೋಗಿ, ಅದರ ಜಾಗದಲ್ಲಿ ನಮ್ಮ ಶೆಡ್ಡಿನ ಸದ್ದೇ ತುಂಬಿಕೊಂಡಿತು. ಗಿಟಾರು ಏರುತ್ತಾ ಏರುತ್ತಾ ಫಕ್ಕನೆ ನಿಲ್ಲುತ್ತದೆ. ಸುತ್ತಿಗೆಗಳ ಟಕಟಕ, ಒಂದು ಕೆಮ್ಮು, ಆಮೇಲೆ ಹರೆಯದ ಅತ್ತೆಯ ಗಂಟಲು: "ಎಳೀರಿ... ಇನ್ನೂ ಎಳೀರಿ... ಹಾಂ, ಹೊಡೀರಿ!" ಆ 'ಹೊಡೀರಿ' ಮುಗಿಯುವುದಕ್ಕೂ ಡ್ರಮ್ಮು ಧಡ್ ಎಂದು ವಾಪಸು ಬರುವುದಕ್ಕೂ ಸರಿಯಾಗುತ್ತದೆ. ಬೇಕೆಂದೇ ಕೂತು ಮಾಡಿದ್ದರೂ ಅಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ. ಗುಂಡಿ ಒತ್ತಿದವನು ಸೋಫಾದ ಚೌಕಟ್ಟು ಮಾಡುವ ನಮ್ಮ ಬಡಗಿ ಗೊಣಗಪ್ಪನೇ ಎಂದು ಎಲ್ಲರಿಗೂ ಗೊತ್ತು, ಕೆಮ್ಮು ಅವನದೇ. "ನನ್ನ ಥರ ಕೆಮ್ಮೋರು ಊರಲ್ಲಿ ಬೇಕಾದಷ್ಟು ಜನ ಇದಾರೆ," ಎಂದು ಈಗಲೂ ಸಾಧಿಸುತ್ತಾನೆ.

ಸೋಫಾಕ್ಕೆ ಬಟ್ಟೆ ಹೊದಿಸುವಾಗ ಎಲ್ಲರೂ ಒಟ್ಟಿಗೆ ಎಳೆಯಬೇಕು. ಒಬ್ಬರು ಮುಂದು, ಒಬ್ಬರು ಹಿಂದಾದರೆ ಸುಕ್ಕು ಬೀಳುತ್ತದೆ. ಮೊದಲು ಅತ್ತೆಯೇ ಸೋಫಾದ ಎದುರು ನಿಂತು ಕೂಗು ಹಾಕುತ್ತಿದ್ದಳಂತೆ, ಆ ಕೂಗೇ ಕ್ಯಾಸೆಟ್ಟಿಗೆ ಸೇರಿದ ಮೇಲೆ ದೊಡ್ಡ ಎಳೆತಗಳನ್ನು ಮೂರನೇ ಹಾಡಿಗೆ ಕಾದಿರಿಸುವುದು ನಮ್ಮಲ್ಲಿ ರೂಢಿಯಾಯಿತು. ಕ್ಯಾಸೆಟ್ಟಿನ ಅತ್ತೆ ಕೂಗಿದರೆ ನಾವು ಎಳೆಯುತ್ತಿದ್ದೆವು, ನಿಜವಾದ ಅತ್ತೆ ಮೊಳೆ ಹೊಡೆಯುತ್ತಿದ್ದಳು.

ನಾನು ಆ ಹಾಡುಗಳನ್ನು ಕೇಳಿಕೊಂಡೇ ಬೆಳೆದವಳು. ನನಗೆ ಅವು ಇಷ್ಟವೋ ಅಲ್ಲವೋ ಎಂದು ಕೇಳಿದರೆ ನನ್ನ ಮೂಗು ನನಗೆ ಇಷ್ಟವೇ ಎಂದು ಕೇಳಿದಂತೆ. ಕಳೆದ ವರ್ಷ ಇಬ್ಬರು ಹೊಸಬರು ಸೇರಿದರು. ಒಬ್ಬ ಉದ್ದಣ್ಣ, ಶೆಡ್ಡಿನ ಬಾಗಿಲಿಗೆ ತಲೆ ತಗ್ಗಿಸಿಯೇ ಬರಬೇಕು, ಸ್ವಭಾವವೂ ತಲೆ ತಗ್ಗಿಸಿದ್ದೇ. ಇನ್ನೊಬ್ಬಳು ಚೂಟಿ. ಹೊಲಿಗೆಯಲ್ಲಿ ಎಷ್ಟು ಚುರುಕೋ ಮಾತಿನಲ್ಲಿ ಅದಕ್ಕಿಂತ ಒಂದು ಕೈ ಮುಂದೆ. ಅತ್ತೆಯ ಭುಜ ಮೊದಲಿನಂತಿಲ್ಲ, ಅಂಗಡಿಯನ್ನು ನಿಧಾನವಾಗಿ ನಮ್ಮ ಮೂವರ ಕೈಗೆ ದಾಟಿಸುವ ಯೋಚನೆಯಲ್ಲಿದ್ದಾಳೆ. ಅದಕ್ಕೇ ಚೂಟಿಯ ಬಾಯನ್ನು ಸಹಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

ಒಂದು ದಿನ ಚೂಟಿ ಫೋನನ್ನು ಟೇಪ್ ರೆಕಾರ್ಡರಿನ ಹತ್ತಿರ ಹಿಡಿದಳು. ಫೋನು ತಕ್ಷಣ ಬ್ಯಾಂಡಿನ ಹೆಸರು, ಆಲ್ಬಮ್ಮಿನ ಹೆಸರು ಎಲ್ಲ ಹೇಳಿತು. ಎಂಥ ಪ್ರಸಿದ್ಧ ಆಲ್ಬಮ್ಮು! ಹೆಸರು ಓದಲು ಚೂಟಿ ಬಾಯಿ ತೆರೆದದ್ದೇ ಅತ್ತೆ ಮೊಳೆಗಳನ್ನು ಅಂಗೈಗೆ ಉಗುಳಿದಳು.

"ಬೇಡ, ಹೇಳ್ಬೇಡ. ಇಷ್ಟು ವರ್ಷ ಹಾಜರಿ ಕರೀದೇನೇ ಕೆಲಸಕ್ಕೆ ಬಂದಿದೆ ಅದು."

"ನಮ್ಮ ತಾತನ ಕಾಲದ್ದು ಅತ್ತೆ ಇದು. ಇದನ್ನೆಲ್ಲ ಈಗ ಯಾರು ಕೇಳ್ತಾರೆ? ಫೋನಿಗೆ ಗೊತ್ತು ಅಂದ್ರೆ ನಮಗೆ ಬೇಕು ಅಂತಾಗತ್ತಾ?"

"ನಿಂಗೆ ಬೇಡ್ವಾ?"

"ನೀವು ಹಾಕ್ತೀರಿ, ನಾವು ಕೇಳ್ತೀವಿ. ನಿಲ್ಲಿಸಿದ್ರೆ ಯಾರೂ 'ಎಲ್ಲೋಯ್ತು' ಅಂತ ಕೇಳೋದಿಲ್ಲ."

ಉದ್ದಣ್ಣ ಫೋಮಿನ ರಾಶಿಯ ಹಿಂದೆ ಅಡಗಲು ನೋಡಿದ. ಅತ್ತೆಗೆ ಸಿಟ್ಟು ಬಂದರೆ ನಗುತ್ತಾಳೆ. ಈಗ ನಕ್ಕಳು.

"ಸರಿ. ಈ ತಿಂಗಳು ಮುಗಿಯೋವರೆಗೆ ನಿಮ್ಮ ಹಾಡು ಹಾಕಿ. ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಕ್ಯಾಸೆಟ್ ಹಾಕಿ ಅಂತ ಕೇಳಿದ್ರೆ ನಾನು ಗೆದ್ದೆ. ಕೇಳದೆ ಇದ್ರೆ ಕ್ಯಾಸೆಟ್ಟು, ಡಬ್ಬ ಎರಡೂ ಗುಜರಿಗೆ. ಇವಳು ಕೇಳಿದ್ರೆ ಲೆಕ್ಕಕ್ಕಿಲ್ಲ, ಇವಳು ನಮ್ಮ ಮನೆಯವಳು."

'ಇವಳು' ಎಂದರೆ ನಾನು. ಹಾಡು ಹೋದರೆ ಹೋಗಲಿ, ಅದು ಫೋನಿನಲ್ಲಿದೆ. ಅತ್ತೆಯ ಹರೆಯದ ಗಂಟಲು ಜಗತ್ತಿನಲ್ಲಿ ಇದ್ದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಸಂಜೆ ಬಾಗಿಲು ಹಾಕುವಾಗ, "ಆ ತುಂಡನ್ನ ಫೋನಲ್ಲಿ ತುಂಬಿಸಿಟ್ಕೊಳ್ತೀನಿ ಅತ್ತೆ, ಯಾರಿಗೂ ಹೇಳಲ್ಲ," ಎಂದೆ.

"ಪಂದ್ಯ ಕಟ್ಟಿ ನಕಲು ಇಟ್ಕೊಳ್ಳೋದಾ? ಹಂಗೆ ಮಾಡಿದ್ರೆ ನಾನು ಈಗಲೇ ಸೋತಂಗೆ. ಮುಟ್ಟಿದ್ರೆ ಕೈ ಮುರೀತೀನಿ."

"ಅಷ್ಟು ಧೈರ್ಯಾನಾ ನಿಂಗೆ?"

"ಒಳ್ಳೇ ಕೆಲಸ ಒಳ್ಳೇ ಕೆಲಸವೇ ಕಣೇ. ನಾನು ಮುಂದೆ ನಿಂತು ಕಾಯ್ತಾ ಇದ್ರೆ ಮಾತ್ರ ಉಳಿಯತ್ತೆ ಅನ್ನೋದಾದ್ರೆ ಅದು ಉಳಿದೂ ಏನು ಪ್ರಯೋಜನ?"

ಉದ್ದಣ್ಣ ಒಂದು ಪುಟ್ಟ ಸ್ಪೀಕರ್ ತಂದ. ಹೊಸ ಹಾಡುಗಳು ಶುರುವಾದವು. ಸುಳ್ಳೇಕೆ ಹೇಳಲಿ, ಕೆಲವು ನಿಜಕ್ಕೂ ಚೆನ್ನಾಗಿದ್ದವು, ಒಂದೆರಡಕ್ಕೆ ನಾನೂ ಕಾಲು ಕುಣಿಸಿದೆ. ಆದರೆ ಅತ್ತೆಯ ಮುಖ ನೋಡಿದಾಗಲೆಲ್ಲ ಕುಣಿಯುವ ಕಾಲು ನಿಲ್ಲುತ್ತಿತ್ತು. ಅವಳು ಬಾಯಲ್ಲಿ ಮೊಳೆ ಇಟ್ಟುಕೊಂಡು ತುಟಿಪಿಟಕ್ಕೆನ್ನದೆ ಕೆಲಸ ಮಾಡುತ್ತಿದ್ದಳು. ಒಮ್ಮೆ ಸುತ್ತಿಗೆ ತಪ್ಪಿ ಹೆಬ್ಬೆರಳಿಗೆ ಬಿತ್ತು. ಅತ್ತೆ ಬೆರಳಿಗೆ ಹೊಡೆದುಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಟ್ಟೆ ಸುತ್ತಿಕೊಂಡು ಮತ್ತೆ ಕೂತಳು.

ನಾನು ಗುಟ್ಟಾಗಿ ಉದ್ದಣ್ಣನ ಬೆನ್ನು ಹತ್ತಿದೆ. "ಒಂದೇ ಒಂದ್ಸಲ ಕೇಳೋ, ನಿನ್ನ ಗಂಟೇನು ಹೋಗತ್ತೆ?"

"ಅಕ್ಕಾ, ಕೇಳಿದ್ರೆ ಚೂಟಿ ನನ್ನ ಜೀವ ತಿಂತಾಳೆ."

ಚೂಟಿಯನ್ನಂತೂ ಕೇಳುವ ಹಾಗೇ ಇರಲಿಲ್ಲ. ಹಿಡಿದ ಪಟ್ಟು ಬಿಡದಿರುವುದರಲ್ಲಿ ಅವಳು ಅತ್ತೆಗೇ ಅತ್ತೆ. ಗೊಣಗಪ್ಪನಿಗೆ ಹೇಳಿದರೆ, "ಪೀಡೆ ತೊಲಗ್ತಾ ಇದೆ, ಬಿಡು," ಎಂದ. ಹಾಗೆಂದವನು ಆ ದಿನವೆಲ್ಲ ಉಳಿ ಎಲ್ಲಿಟ್ಟೆ ಎಂದು ಹುಡುಕುತ್ತಲೇ ಇದ್ದ.

ತಿಂಗಳು ಮುಗಿಯಿತು. ಯಾರೂ ಕೇಳಲಿಲ್ಲ. ಗುಜರಿಯವನು ಗಾಡಿ ತಳ್ಳಿಕೊಂಡು ಬಂದಾಗ ಅತ್ತೆ ಸ್ಟೂಲು ಹತ್ತಿ ಟೇಪ್ ರೆಕಾರ್ಡರನ್ನು ಇಳಿಸಿದಳು. ಸೆರಗಿನಿಂದ ಧೂಳು ಒರೆಸಿ, ಕ್ಯಾಸೆಟ್ಟನ್ನು ಒಳಗೇ ಬಿಟ್ಟು ಮುಚ್ಚಳ ಹಾಕಿದಳು.

"ಕೆಲಸ ಮಾಡತ್ತೇನಮ್ಮಾ ಇದು?" ಎಂದ ಗುಜರಿಯವನು.

"ನಿನಗಿಂತ ಚೆನ್ನಾಗಿ ಮಾಡತ್ತೆ. ತಗೊಂಡ್ಹೋಗು."

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಅಳು ಬಂತು, ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಅಳು ಬಂತು. ಚೂಟಿಯ ಮೇಲೆ ಎಂಥ ಸಿಟ್ಟೆಂದರೆ, ಎರಡು ದಿನ ಅವಳ ಜೊತೆ ಕತ್ತರಿ, ದಾರ ಎಂಬೆರಡು ಶಬ್ದ ಬಿಟ್ಟು ಬೇರೆ ಮಾತಾಡಲಿಲ್ಲ. ಅವಳೂ ಯಾಕೋ ಮುಖ ಊದಿಸಿಕೊಂಡೇ ಇದ್ದಳು.

ಆಗ ಬಂತು ಹಲ್ಲಿನ ಡಾಕ್ಟರ ಸೋಫಾ. ಅವರ ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರಿಗೆಂದು ಮಾಡಿದ ಅರ್ಧಚಂದ್ರದ ಆಕಾರದ ದೊಡ್ಡ ಸೋಫಾ. ಬೆನ್ನು ಪೂರಾ ಬಾಗು, ಅದಕ್ಕೆ ಒಂದೇ ತುಂಡು ರೆಕ್ಸಿನ್. ಬಾಗಿದ ಬೆನ್ನಿಗೆ ರೆಕ್ಸಿನ್ ಎಳೆಯುವುದು ಹಟ ಹಿಡಿದ ಮಗುವಿಗೆ ಅಂಗಿ ತೊಡಿಸಿದ ಹಾಗೆ. ಗೊಣಗಪ್ಪ ಒಂದು ತುದಿ, ಉದ್ದಣ್ಣ ಇನ್ನೊಂದು ತುದಿ, ನಡುವೆ ಚೂಟಿ ಮತ್ತು ನಾನು, ಹಿಂದೆ ಸುತ್ತಿಗೆ ಹಿಡಿದು ಅತ್ತೆ. ಸ್ಪೀಕರಿನಲ್ಲಿ ಹೊಸ ಹಾಡು. ಎಳೆದೆವು, ಸುಕ್ಕು ಬಿತ್ತು. ಬಿಚ್ಚಿದೆವು. ಮತ್ತೆ ಎಳೆದೆವು, ಈ ಸಲ ಉದ್ದಣ್ಣನ ಕಡೆಗೆ ಸೊಟ್ಟಗಾಯಿತು. ನಾನು ಅವನಿಗೆ ಬೈದೆ, ಅವನು ಗೊಣಗಪ್ಪನ ಕಡೆ ಕೈ ತೋರಿಸಿದ, ಗೊಣಗಪ್ಪ ದೇಶದ ಯುವಕರಿಗೆಲ್ಲ ಸೇರಿಸಿ ಬೈದ. ಅತ್ತೆ ಮಾತ್ರ ಮಾತಿಲ್ಲದೆ ಮೊಳೆ ಕಿತ್ತು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೂಗು ಹಾಕಿ ಎಂದು ನಾವು ಅವಳನ್ನು ಕೇಳಲಿಲ್ಲ, ಅವಳೂ ಹಾಕಲಿಲ್ಲ.

ಚೂಟಿ ರೆಕ್ಸಿನ್ ಬಿಟ್ಟಳು. ಬೆವರಿದ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಫೋನು ತೆಗೆದು ಏನೋ ಒತ್ತಿದಳು. ಸ್ಪೀಕರಿನಿಂದ ಆ ಜಗಳಗಂಟ ಗಂಡಸು ಕೂಗತೊಡಗಿದ. ಅದೇ ಆಲ್ಬಮ್, ನೇರವಾಗಿ ಮೂರನೇ ಹಾಡು.

"ಮತ್ತೆ ಬಂತಲ್ಲಪ್ಪಾ ಇದು," ಎಂದ ಗೊಣಗಪ್ಪ. ಹಾಗೆನ್ನುತ್ತಲೇ ಕಾಲು ಅಗಲಿಸಿ ಗಟ್ಟಿಯಾಗಿ ನಿಂತ. ನಾವೂ ರೆಕ್ಸಿನ್ ಹಿಡಿದು ನಿಂತೆವು. ಗಿಟಾರು ಏರಿತು, ಏರಿತು, ಆ ಜಾಗಕ್ಕೆ ಬಂತು. ಆದರೆ ನಿಲ್ಲಲಿಲ್ಲ. ನಿಲ್ಲುವುದಾದರೂ ಹೇಗೆ, ಅದು ಅಸಲಿ ಹಾಡು. ನಾವು ಯಾರೂ ಕೇಳಿರದ ಒಂದು ತುಂಡು ಹೊಳೆ ಹರಿದ ಹಾಗೆ ಹರಿಯಿತು. ನನ್ನ ಕೈ ಸಡಿಲವಾಯಿತು.

"ಎಳೀರಿ..."

ಕೂಗಿದ್ದು ಚೂಟಿ.

"ಇನ್ನೂ ಎಳೀರಿ..."

ಅದೇ ರಾಗ. 'ಇನ್ನೂ' ಎನ್ನುವಲ್ಲಿ ಅದೇ ಎಳೆತ, ಅದೇ ದರ್ಪ. ಕ್ಯಾಸೆಟ್ಟಿನ ಅತ್ತೆ ಹೇಗೆ ಕೂಗುತ್ತಿದ್ದಳೋ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಗೇ. ನಾಲ್ವರೂ ಒಟ್ಟಿಗೆ ಎಳೆದೆವು.

"ಹಾಂ, ಹೊಡೀರಿ!"

ಡ್ರಮ್ಮು ಧಡ್ ಎಂದಿತು. ಅತ್ತೆಯ ಸುತ್ತಿಗೆ ಅದರ ಜೊತೆಗೇ ಬಿತ್ತು. ಹಾಡು ಮುಗಿಯುವಷ್ಟರಲ್ಲಿ ರೆಕ್ಸಿನ್ ಕೆರೆಯ ನೀರಿನಂತೆ ನುಣ್ಣಗೆ ಕೂತಿತ್ತು.

ಅತ್ತೆ ಉಳಿದ ಮೊಳೆಗಳನ್ನು ಅಂಗೈಗೆ ಉಗುಳಿದಳು.

"ಪಂದ್ಯದಲ್ಲಿ ಯಾರೂ ಕೇಳ್ಲಿಲ್ವಲ್ಲೇ?"

"ನಾನೇನೂ ಕೇಳ್ಲಿಲ್ಲ," ಎಂದಳು ಚೂಟಿ. ಕಣ್ಣು ಕೆಂಪಗಾಗಿತ್ತು, ಜಂಬ ಮಾತ್ರ ಹಾಗೇ ಇತ್ತು. "ನಾನೇ ಹಾಕ್ದೆ."

"ಇನ್ನೊಂದ್ಸಲ ಹಾಕು, ನೋಡೋಣ."

ಹಾಕಿದಳು. ಅತ್ತೆ ಸುತ್ತಿಗೆ ಕೆಳಗಿಟ್ಟು, ಕಿವಿ ಸ್ಪೀಕರಿನ ಕಡೆಗೆ ವಾಲಿಸಿ, ತಾನು ಇಷ್ಟು ವರ್ಷ ಕೇಳಿರದಿದ್ದ ಆ ತುಂಡನ್ನು ಪೂರ್ತಿಯಾಗಿ ಕೇಳಿದಳು. ಮೊದಲ ಸಲ ಒಂದು ಮನೆಗೆ ಹೋದವಳು ಗೋಡೆ, ಕಿಟಕಿ ನೋಡುವ ಹಾಗೆ ಅವಳ ಕಣ್ಣು ಅತ್ತಿತ್ತ ಓಡಾಡಿತು.

"ಚೆನ್ನಾಗೇ ಬಾರಿಸಿದಾರೆ, ಪಾಪ," ಎಂದಳು. "ಆದ್ರೆ ಏನೋ ಕಮ್ಮಿ ಆಯ್ತು."

"ಹೂಂ ಅತ್ತೆ," ಎಂದಳು ಚೂಟಿ. "ನಮ್ಮದು ಇದರಲ್ಲಿಲ್ಲ."

ಅತ್ತೆ ಅಂಗೈಯಲ್ಲಿದ್ದ ಮೊಳೆಗಳನ್ನೆಲ್ಲ ಬಾಯಿಗೆ ತುಂಬಿಕೊಂಡು, ನಮಗೆ ಬೆನ್ನು ಹಾಕಿ ಕೂತು, ಸೋಫಾದ ಕೆಳಗಿನ ಪಟ್ಟಿ ಹೊಡೆಯಲು ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಸುತ್ತಿಗೆಯ ಹಿಡಿಯಿಂದ ಚೂಟಿಯ ಮೊಣಕೈ ತಿವಿದು, ಎಳೆಯುವವರು ನಿಲ್ಲುವ ಜಾಗವನ್ನು ಬಿಟ್ಟು, ಸೋಫಾದ ಎದುರು ಕೂಗು ಹಾಕುವವರು ನಿಲ್ಲುವ ಜಾಗವನ್ನು ಕಣ್ಣಲ್ಲೇ ತೋರಿಸಿದಳು. ಚೂಟಿ ಹೋಗಿ ಅಲ್ಲಿ ನಿಂತಳು.