ಪ್ರೇಮ್‌ಜಿ ಕಾಕಾನ ಬಲಗೈ

ಸತ್ತವರು ಬದುಕಿರುವವರ ಮೈಮೇಲೆ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬ ಹೆಂಗಸಿಗೆ ಮಂಗಳವಾರಕ್ಕೊಮ್ಮೆ ಮೈದುಂಬುತ್ತಿತ್ತು. ಅತ್ತೆಯ ಮೇಲೆ ಸಿಟ್ಟಿದ್ದ ವಾರ ದೇವಿ ತಪ್ಪಿಸುವುದೇ ಇಲ್ಲ ಎಂದು ಅವ್ವ ಗೇಲಿ ಮಾಡುತ್ತಿದ್ದಳು. ಮುಂದೆ ನಾನು ಫಿಸಿಯೋಥೆರಪಿ ಓದಿದೆ. ಮನುಷ್ಯನ ಯಾವ ಬೆರಳು ಯಾವ ನರದಿಂದ ಅಲುಗುತ್ತದೆ ಎಂದು ತಿಳಿಯುವುದೇ ನನ್ನ ಕಸುಬಾಯಿತು. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕು ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಲಂಡನ್ನಿಗೆ ಬಂದ ಹೊಸತರಲ್ಲಿ ನಾನು ಹೇಸ್ ಎಂಬ ಬಡಾವಣೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಮನೆಯೊಡತಿ ರಾಮಿಬೆನ್ ಅರವತ್ತು ದಾಟಿದ ವಿಧವೆ, ದಿಯು ದ್ವೀಪದವರು. ದಿಯು ಗುಜರಾತಿನ ಅಂಚಿಗಿದೆ. ಗೋವಾದಂತೆ ಅದೂ ಬಹುಕಾಲ ಪೋರ್ಚುಗೀಸರ ಕೈಯಲ್ಲಿತ್ತು. ಆ ಕಾಲದಲ್ಲಿ ಹುಟ್ಟಿದವರಿಗೂ ಅವರ ಮಕ್ಕಳಿಗೂ ಪೋರ್ಚುಗಲ್ ಪಾಸ್‌ಪೋರ್ಟ್ ಸಿಗುತ್ತಿತ್ತು. ಬ್ರಿಟನ್ ಯುರೋಪ್ ಒಕ್ಕೂಟದಲ್ಲಿದ್ದಾಗ ಅದೊಂದಿದ್ದರೆ ಇಲ್ಲಿ ನೆಲೆಸಬಹುದಿತ್ತು. ಲಿಸ್ಬನ್ನಿನ ಮುಖವನ್ನೇ ಕಾಣದ ಮೀನುಗಾರರು ಅದನ್ನು ಹಿಡಿದು ನೇರ ಇಲ್ಲಿಗೆ ಬಂದಿಳಿದಿದ್ದರು. ನಮ್ಮ ಬೀದಿಯಲ್ಲೇ ಅಂಥ ಹಲವು ಮನೆಗಳಿದ್ದವು. ಎಲ್ಲರ ಅಡುಗೆಮನೆಯಿಂದಲೂ ಒಣಮೀನಿನ ವಾಸನೆ. ಪಕ್ಕದ ಕೋಣೆಯಲ್ಲಿದ್ದ ಉಡುಪಿಯ ಲವೀನಾಗೆ ಅದು ಊರಿನ ನೆನಪು ತರುತ್ತಿತ್ತು. ನಾನು ಮಾತ್ರ ಕಿಟಕಿ ತೆರೆದಿಟ್ಟು ಚಳಿಯಲ್ಲಿ ನಡುಗುತ್ತಿದ್ದೆ.

ಅದೇ ಬೀದಿಯ ಕೊನೆಯಲ್ಲಿ ಪ್ರೇಮ್‌ಜಿ ಕಾಕಾ ಎಂಬ ಹಿರಿಯರಿದ್ದರು. ದಿಯುವಿನವರಿಗೆಲ್ಲ ಅವರೇ ದೊಡ್ಡವರು. ಮದುವೆ ಮಾತುಕತೆಗೆ ಅವರು, ನೂಲುಹುಣ್ಣಿಮೆಯ ಸಮುದ್ರಪೂಜೆಗೆ ನೀರಲ್ಲಿ ತೆಂಗಿನಕಾಯಿ ಬಿಡಲು ಅವರು. ಪಾರ್ಶ್ವವಾಯು ಬಡಿದು ಅವರ ಬಲಗೈ ಸತ್ತುಹೋಗಿತ್ತು, ಮಾತು ತೊದಲುತ್ತಿತ್ತು. ನಾನು ಫಿಸಿಯೋ ಎಂದು ತಿಳಿದ ಅವರ ಮಗ ಹಿತೇಶ್ ಭಾನುವಾರ ಬಂದು ವ್ಯಾಯಾಮ ಮಾಡಿಸಿ ಹೋಗುತ್ತೀರಾ ಎಂದು ಕೇಳಿದ. ನಾನು ಒಪ್ಪಿ ಹೋಗತೊಡಗಿದೆ. ಬಲಗೈಯಲ್ಲಿ ಏನೂ ಬದಲಾವಣೆ ಕಾಣಲಿಲ್ಲ.

ಒಂದು ಸಂಜೆ ಈ ವಿಷಯವನ್ನು ರಾಮಿಬೆನ್‌ಗೆ ಹೇಳಿದೆ. ನಾವಿಬ್ಬರೂ ಹರಕುಮುರುಕು ಹಿಂದಿಯಲ್ಲಿ ಮಾತಾಡುತ್ತಿದ್ದೆವು. ಅವರು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದರು.

“ಆ ಬಲಗೈಗಾ? ಆ ಕೈಗೆ ಜೀವ ತರಿಸ್ತಾ ಇದ್ದೀಯಾ ಮಗಳೇ?”

ಆಮೇಲೆ ಹೇಳಿದರು. ಅವರ ತಮ್ಮ ಲಖಮನ್ ಮತ್ತು ಪ್ರೇಮ್‌ಜಿ ಒಂದೇ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರಂತೆ. ಒಂದು ದಿನ ಗಾಳಿಯೆದ್ದು ದೋಣಿ ಮಗುಚಿತು. ತೇಲುತ್ತಿದ್ದ ಒಂದು ಹಲಗೆಯನ್ನು ಪ್ರೇಮ್‌ಜಿ ಅಪ್ಪಿಕೊಂಡಿದ್ದ, ಲಖಮನ್ ಅವನ ಎಡಗೈ ಹಿಡಿದು ನೇತಾಡುತ್ತಿದ್ದ. ಪ್ರೇಮ್‌ಜಿ ತನ್ನ ಬಲಗೈಯಿಂದ ಲಖಮನ್‌ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನೆರವಿಗೆ ಬರುತ್ತಿದ್ದ ದೋಣಿಯವನೊಬ್ಬ ಅದನ್ನು ಕಂಡಿದ್ದ. ಗುಟ್ಟಾಗಿ ರಾಮಿಬೆನ್‌ಗೆ ಹೇಳಿದವನು ಊರ ಪಂಚರ ಮುಂದೆ ತಾನೇನೂ ಕಂಡಿಲ್ಲ ಎಂದುಬಿಟ್ಟ. ಅಲೆ ಒಯ್ದಿತು ಎಂಬ ಪ್ರೇಮ್‌ಜಿಯ ಮಾತೇ ನಿಂತಿತು.

“ನಾನು ಈ ದೇಶಕ್ಕೆ ದುಡಿಯಲಿಕ್ಕೆ ಬಂದವಳಲ್ಲ. ಅವನು ಬಂದ, ಅದಕ್ಕೆ ನಾನೂ ಬಂದೆ” ಎಂದರು ರಾಮಿಬೆನ್. ನಾನು ಇನ್ನು ಆ ಮನೆಗೆ ಹೋಗುವುದಿಲ್ಲ ಎಂದಾಗ ಅವರು ಒಪ್ಪಲಿಲ್ಲ. “ಹೋಗು. ಚೆನ್ನಾಗಿ ಗುಣ ಮಾಡು. ಆ ಕೈ ಅಲುಗೋದನ್ನ ನಾನು ಕಣ್ಣಾರೆ ನೋಡಬೇಕು.”

ಮುಂದಿನ ಭಾನುವಾರ ಅವರೂ ನನ್ನ ಜೊತೆ ಬಂದರು. ಮಧ್ಯಾಹ್ನದ ಹೊತ್ತು, ಅಪರೂಪಕ್ಕೆ ಒಳ್ಳೆಯ ಬಿಸಿಲು. ಹಿತೇಶನ ಹೆಂಡತಿ ಚಹಾ ತಂದಳು. ಹಿತೇಶ್ ಸೋಫಾದ ಮೇಲಿದ್ದ. ಪ್ರೇಮ್‌ಜಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ರಾಮಿಬೆನ್ ಕೂತುಕೊಳ್ಳಲಿಲ್ಲ, ಬಾಗಿಲಿಗೆ ಆತು ನಿಂತರು. ನಾನು ಮೊದಲು ಪ್ರೇಮ್‌ಜಿಯ ಎಡಗೈಯ ನಾಡಿ ನೋಡಲು ಮಣಿಕಟ್ಟು ಹಿಡಿದೆ.

ನನ್ನ ಹಿಡಿತ ಬಿಗಿಯಾಯಿತು. ನಾನು ಬಿಗಿ ಮಾಡಲಿಲ್ಲ. ಬಿಡಲು ನೋಡಿದೆ, ಆಗಲಿಲ್ಲ. ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಆಗ ನನ್ನೊಳಗೆ ಒಂದು ಸಿಟ್ಟು ಏರಿತು. ಅಂಥ ಸಿಟ್ಟು ನನಗೆ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ. ಮುದುಕರ ಮೂಳೆ ಮುರಿದರೂ ಸರಿ, ಬಿಡಬಾರದು ಅನಿಸಿತು. ಬಾಯಿಂದ ಏನೋ ಹೊರಟಿತು. ಏನೆಂದು ನನಗೇ ತಿಳಿಯಲಿಲ್ಲ.

ಪ್ರೇಮ್‌ಜಿಯ ಮುಖ ಬಿಳಿಚಿತು. ಮಡಿಲಲ್ಲಿ ಬಿದ್ದಿದ್ದ ಆ ಬಲಗೈ ಎದ್ದಿತು. ಎದ್ದು ಬಂದು ನನ್ನ ಕಿರುಬೆರಳನ್ನು ಹಿಡಿದು ಹಿಂದಕ್ಕೆ ಮಡಚಿ ಬಿಡಿಸಿತು. ಆಮೇಲೆ ಉಂಗುರದ ಬೆರಳು. ಆಮೇಲೆ ನಡುಬೆರಳು. ಅವಸರವಿರಲಿಲ್ಲ, ತಡವರಿಕೆಯಿರಲಿಲ್ಲ. ನನ್ನ ಕೈ ಕಳಚಿ ಬಿದ್ದ ಮೇಲೆ ಅವರು ತೊದಲದೆ, ದೊಡ್ಡ ದನಿಯಲ್ಲಿ, ಗುಜರಾತಿಯಲ್ಲಿ ಏನೋ ಹೇಳಿದರು. ಹಿತೇಶನ ಹೆಂಡತಿಯ ಕೈಯಿಂದ ಕಪ್ಪು ಬಿತ್ತು. ಹಿತೇಶ್ ಎದ್ದು ಅಪ್ಪನನ್ನು ಏನೋ ಕೇಳಿದ, ಮತ್ತೆ ಮತ್ತೆ ಅದನ್ನೇ ಕೇಳಿದ. ಅವರು ಕಿಟಕಿಯತ್ತ ಮುಖ ತಿರುಗಿಸಿದರು. ಬಲಗೈ ಮಡಿಲಿಗೆ ಮರಳಿತ್ತು. ಅದು ಮತ್ತೆಂದೂ ಅಲುಗಲಿಲ್ಲ.

ಹೊರಗೆ ಬಂದ ಮೇಲೆ ರಾಮಿಬೆನ್ ನನಗೆ ಅರ್ಥ ಹೇಳಿದರು. ನಾನು ಅಂದದ್ದು, ‘ಪೇಮ್ಲಾ, ಕೈ ಬಿಡಬೇಡವೋ’ ಎಂದು. ಪೇಮ್ಲಾ ಎಂಬುದು ಪ್ರೇಮ್‌ಜಿಯನ್ನು ಗೆಳೆಯರು ಕರೆಯುತ್ತಿದ್ದ ಹೆಸರು, ಅದು ಅವರ ಮಗನಿಗೂ ಗೊತ್ತಿರಲಿಲ್ಲ. ಪ್ರೇಮ್‌ಜಿ ಕೊಟ್ಟ ಉತ್ತರ, ‘ಹಲಗೆ ಇಬ್ಬರನ್ನು ತಡೆಯೋದಿಲ್ಲ ಲಖಮನ್, ಬಿಡು.’

“ಇನ್ನೊಮ್ಮೆ ಹೇಳು. ಹಾಗೇ ಹೇಳು” ಎಂದು ರಾಮಿಬೆನ್ ನನ್ನ ಭುಜ ಹಿಡಿದರು. ನನಗೆ ಆಗಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. “ಇಷ್ಟು ವರ್ಷ ಕಾದವಳು ನಾನು. ಅವನು ನಿನ್ನ ಹತ್ತಿರ ಬಂದ!” ಎಂದು ನನ್ನ ಮೇಲೇ ಸಿಡುಕಿದರು.

ಲವೀನಾಗೆ ಎಲ್ಲ ಹೇಳಿದೆ. “ಎಂತದ್ದೂ ಇಲ್ಲ ಮಾರಾಯ್ತಿ. ದಿನಾ ಗುಜರಾತಿ ಕೇಳ್ತಾ ಇದ್ದಿ ಅಲ್ವಾ? ಕಿವಿಗೆ ಬಿದ್ದದ್ದು ಬಾಯಿಗೆ ಬಂತು.”

“ಮತ್ತ ಆ ಹೆಸರು?”

“ರಾಮಿಬೆನ್ ಒಮ್ಮೆ ಹೇಳಿರ್ಬೇಕು, ನಿಂಗೆ ನೆನಪಿಲ್ಲ.”

“ಆತು ಬಿಡು. ಆ ಕೈ ಹೆಂಗ ಎದ್ತು, ಹೇಳ?”

“ಅದನ್ನು ನೀನೇ ಹೇಳ್ಬೇಕು. ಫಿಸಿಯೋ ನೀನಲ್ವಾ?”

ರೋಗಿ ಆಕಳಿಸುವಾಗ, ಬೆಚ್ಚಿದಾಗ ಸತ್ತ ಕೈ ತಾನಾಗಿ ಎಳೆದುಕೊಳ್ಳುವುದುಂಟು. ಆದರೆ ಆಗ ಇಡೀ ಕೈ ಒಂದು ಮುದ್ದೆಯಂತೆ ಎಳೆಯುತ್ತದೆ. ಒಂದೊಂದೇ ಬೆರಳನ್ನು ಆರಿಸಿ ಹಿಡಿಯುವ ನಾಜೂಕು ಎಲ್ಲಕ್ಕಿಂತ ಕೊನೆಗೆ ಮರಳುವಂಥದ್ದು, ಬಹಳ ಜನರಿಗೆ ಮರಳುವುದೇ ಇಲ್ಲ. ಹಿರಿಯ ಸಹೋದ್ಯೋಗಿಗಳನ್ನು ಕೇಳಿದೆ. ನೀನು ಸರಿಯಾಗಿ ನೋಡಿರಲಾರೆ ಎಂದರು.

ಹಿತೇಶ್ ನನ್ನನ್ನು ಮತ್ತೆ ಕರೆಯಲಿಲ್ಲ. ಆ ವರ್ಷ ತೆಂಗಿನಕಾಯಿ ಬಿಡಲು ಪ್ರೇಮ್‌ಜಿಯನ್ನೂ ಯಾರೂ ಕರೆಯಲಿಲ್ಲ. ರಾಮಿಬೆನ್ ಮಾತ್ರ ಪ್ರತಿ ಭಾನುವಾರ ಆ ಮನೆಗೆ ಹೋಗಿ, ಅವರೆದುರು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತು ಬರುತ್ತಿದ್ದರು. ಹಿತೇಶ್ ತಡೆಯಲಿಲ್ಲ. “ಅವನು ಸಾಯಬಾರದು, ಬಹಳ ದಿನ ಬದುಕಬೇಕು” ಎನ್ನುತ್ತಿದ್ದರು ರಾಮಿಬೆನ್.

ಮದುವೆಯಾಗಿ ನಾನು ಲಂಡನ್ನಿನದೇ ಇನ್ನೊಂದು ಬಡಾವಣೆ ಪಿನ್ನರ್‌ಗೆ ಬಂದೆ. ಕೆಲವು ವರ್ಷಗಳ ನಂತರ ರಾಮಿಬೆನ್ ಫೋನ್ ಮಾಡಿ, ಪ್ರೇಮ್‌ಜಿ ನಿದ್ದೆಯಲ್ಲೇ ಹೋದರು ಎಂದು ತಿಳಿಸಿದರು. ಅವರ ದನಿ ದಣಿದಿತ್ತು, ಅದರಲ್ಲಿ ಸಿಟ್ಟಿರಲಿಲ್ಲ. ‘ಮುಗಿಯಿತು ಮಗಳೇ, ನಾನೂ ದಿಯುಗೆ ಹೋಗಿಬಿಡುತ್ತೇನೆ’ ಎಂದರು.

ನಾನು ಅವರಿಗೆ ಸಮಾಧಾನ ಹೇಳಬೇಕಿತ್ತು. ಆದರೆ ನಿದ್ದೆಯಲ್ಲಿ, ಹಾಸಿಗೆಯ ಮೇಲೆ, ಅಷ್ಟು ಸುಲಭವಾಗಿ ಹೋದನೇ ಎಂದು ನನ್ನ ಮೈ ಉರಿಯುತ್ತಿತ್ತು. ನನಗೇನೂ ಕೆಡುಕು ಮಾಡದ ಆ ಮುದುಕನ ಮೇಲೆ ಆ ಉರಿ ಇಂದಿಗೂ ಆರಿಲ್ಲ. ಅದು ಯಾರ ಸಿಟ್ಟು ಎಂಬುದು ನನಗೆ ಗೊತ್ತಿಲ್ಲ.